ಸೇರ್ಯೋಜಿಯ ಶಾಕ್ಯಮುನಿ: ಒಂದು ದಾರುಬಿಂಬದ ಚರಿತ್ರೆ ಮತ್ತು ಸಂಕೇತಾರ್ಥ

1. ಪೀಠಿಕೆ

ಜಪಾನಿನ ಕ್ಯೋಟೊ ನಗರದ ಪಶ್ಚಿಮದಂಚಿನಲ್ಲಿರುವ ಸಾಗಾ ಪ್ರದೇಶದಲ್ಲಿ ಸೇರ್ಯೋಜಿ ಎಂಬ ಬೌದ್ಧ ವಿಹಾರವಿದೆ. ಈ ವಿಹಾರದ ಆರಾಧ್ಯಮೂರ್ತಿ, ನಿಂತ ಭಂಗಿಯ ಶಾಕ್ಯಮುನಿ ಬುದ್ಧನ ಮರದ ಬಿಂಬ. ಎತ್ತರ ಸುಮಾರು 160 ಸೆಂಟಿಮೀಟರ್. ಎಂದರೆ ಸಾಮಾನ್ಯ ಮನುಷ್ಯನ ಆಳುದ್ದಕ್ಕೆ ಸಮೀಪವಾದುದು. ಜಪಾನ್ ಸರ್ಕಾರವು ಈ ಬಿಂಬವನ್ನೂ ಇದರ ಒಡಲೊಳಗೆ ದೊರೆತ ವಸ್ತುಗಳನ್ನೂ ರಾಷ್ಟ್ರೀಯ ನಿಧಿಯೆಂದು ಘೋಷಿಸಿದೆ.

ಈ ಬಿಂಬವನ್ನು ಕುರಿತು ಎರಡು ಹೇಳಿಕೆಗಳಿವೆ. ಮೊದಲನೆಯದು ವಿಹಾರದ ಸ್ಥಳಪುರಾಣದ ಹೇಳಿಕೆ. ಬುದ್ಧನು ಬದುಕಿದ್ದಾಗಲೇ ಕೌಶಾಂಬಿಯ ಅರಸ ಉದಯನನು ಶ್ರೀಗಂಧದ ಮರದಲ್ಲಿ ಕೆತ್ತಿಸಿದ ಮೂಲಬಿಂಬವೇ ಇದು. ಭಾರತದಿಂದ ಚೀನಾಕ್ಕೂ ಚೀನಾದಿಂದ ಜಪಾನಿಗೂ ಬಂದು ನೆಲೆಸಿತು ಎಂಬುದು ಅದರ ಸಾರ. ಎರಡನೆಯದು ದಾಖಲೆಯ ಹೇಳಿಕೆ. ಇದು ಕ್ರಿ.ಶ. 985ರಲ್ಲಿ ಚೀನಾದ ತೈಚೌ ನಗರದಲ್ಲಿ, ಚೀನೀ ಶಿಲ್ಪಿಗಳಿಂದ, ಶ್ರೀಗಂಧವಲ್ಲದ ಮರದಲ್ಲಿ ಕಡೆಯಲ್ಪಟ್ಟ ಒಂದು ಪ್ರತಿ ಎಂಬುದು ಅದರಿಂದ ತಿಳಿದುಬರುತ್ತದೆ. ಈ ಎರಡನೆಯ ಹೇಳಿಕೆಯ ಆಧಾರಗಳೆಲ್ಲ ಬಿಂಬದ ಹೊಟ್ಟೆಯೊಳಗೇ ಇದ್ದವು. ತನ್ನ ಐತಿಹ್ಯವನ್ನು ಅಲ್ಲಗಳೆಯುವ ಪತ್ರಗಳನ್ನು ತನ್ನಲ್ಲೇ ಅಡಗಿಸಿಕೊಂಡು ಈ ಮೂರ್ತಿ ಸಾವಿರ ವರ್ಷಗಳ ಸಮೀಪ ಪೂಜೆಗೊಂಡಿತು.

ಐತಿಹ್ಯ ಸುಳ್ಳು, ದಾಖಲೆ ನಿಜ ಎಂದು ತೀರ್ಪು ಕೊಟ್ಟು ಮುಗಿಸುವುದು ಸುಲಭ. ಆದರೆ ಅಷ್ಟರಿಂದ ಈ ಬಿಂಬದ ಅರ್ಥ ತಿಳಿಯುವುದಿಲ್ಲ. ಮಾಡಿಸಿದವನಿಗೆ ಇದು ಪ್ರತಿಯೆಂದು ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಅವನು ಇದನ್ನು ಜೀವಂತ ಬುದ್ಧನೆಂದು ಭಾವಿಸಿದ್ದು ಹೇಗೆ? ಮುಂದಿನವರಿಗೆ ಇದೇ ಮೂಲವೆಂದು ಸಾಧಿಸುವ ಅಗತ್ಯ ಏಕೆ ಬಂದಿತು? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಬಿಂಬದ ಚರಿತ್ರೆಯನ್ನೂ ಸಂಕೇತಾರ್ಥವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಉದಯನನ ಕಥೆ

ಕಥೆ ಹೀಗಿದೆ. ಬುದ್ಧನು ತನ್ನನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡ ತಾಯಿ ಮಾಯಾದೇವಿಗೆ ಧರ್ಮವನ್ನು ಉಪದೇಶಿಸಲು ತ್ರಾಯಸ್ತ್ರಿಂಶ ಸ್ವರ್ಗಕ್ಕೆ ಹೋಗಿ ಒಂದು ಮಳೆಗಾಲದ ಮೂರು ತಿಂಗಳು ಅಲ್ಲಿಯೇ ಉಳಿದನು. ಅವನನ್ನು ಕಾಣದೆ ಕೊರಗಿದ ವತ್ಸದೇಶದ ಅರಸ ಉದಯನನು ಹಾಸಿಗೆ ಹಿಡಿದನು. ಅರಸನ ಪ್ರಾಣ ಉಳಿಸುವುದಕ್ಕಾಗಿ ಗೋಶೀರ್ಷಚಂದನದಲ್ಲಿ ಐದು ಅಡಿ ಎತ್ತರದ ಬುದ್ಧಬಿಂಬವನ್ನು ಮಾಡಿಸಲಾಯಿತು. ಇದನ್ನು ಕೇಳಿದ ಕೋಸಲದ ಪ್ರಸೇನಜಿತ್ತನು ಚಿನ್ನದ ಬಿಂಬವೊಂದನ್ನು ಮಾಡಿಸಿದನು. ಮಳೆಗಾಲ ಮುಗಿದು ಬುದ್ಧನು ಸಂಕಾಶ್ಯದಲ್ಲಿ ಭೂಮಿಗಿಳಿದು ಬಂದನು.

ಈ ಕಥೆ ಪಾಲಿ ತ್ರಿಪಿಟಕದಲ್ಲಿಲ್ಲ. 4ನೆಯ ಶತಮಾನದ ಕೊನೆಯಲ್ಲಿ ಚೀನೀ ಭಾಷೆಗೆ ಅನುವಾದಗೊಂಡ ಏಕೋತ್ತರಾಗಮದಲ್ಲಿದೆ. 5ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಫಾಹಿಯಾನನು ಶ್ರಾವಸ್ತಿಯ ಜೇತವನವನ್ನು ವರ್ಣಿಸುವಾಗ ಇದೇ ಕಥೆಯನ್ನು ಪ್ರಸೇನಜಿತ್ತನ ಹೆಸರಿನಲ್ಲಿ ಹೇಳುತ್ತಾನೆ. ಅವನ ನಿರೂಪಣೆಯಲ್ಲಿ ಒಂದು ಮುಖ್ಯ ಅಂಶ ಸೇರಿದೆ. ಬುದ್ಧನು ಮರಳಿ ಬಂದಾಗ ಮರದ ಬಿಂಬವು ತನ್ನ ಪೀಠದಿಂದ ಎದ್ದು ಅವನನ್ನು ಎದುರುಗೊಂಡಿತು. ಬುದ್ಧನು ಅದಕ್ಕೆ ಪೀಠಕ್ಕೆ ಮರಳುವಂತೆ ಹೇಳಿ, ತನ್ನ ಪರಿನಿರ್ವಾಣದ ತರುವಾಯ ನಾಲ್ಕು ಬಗೆಯ ಅನುಯಾಯಿಗಳಿಗೂ ಅದೇ ಮಾದರಿಯಾಗುವುದೆಂದು ತಿಳಿಸಿದನು.

7ನೆಯ ಶತಮಾನದ ಹ್ಯೂಯೆನ್‌ತ್ಸಾಂಗನು ಕೌಶಾಂಬಿಯಲ್ಲಿಯೇ ಇಂಥ ಚಂದನದ ಬಿಂಬವನ್ನು ಕಂಡುದಾಗಿ ಬರೆದಿದ್ದಾನೆ. ಅವನು ಕೊಡುವ ಇನ್ನೊಂದು ವಿವರ ನಮ್ಮ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದು. ಹಲವು ದೇಶಗಳ ಅರಸರು ಈ ಬಿಂಬವನ್ನು ಹೊತ್ತೊಯ್ಯಲು ಯತ್ನಿಸಿದರೂ ಎಷ್ಟು ಜನ ಸೇರಿದರೂ ಅದು ಕದಲಲಿಲ್ಲ. ಆದುದರಿಂದ ಅವರು ಅದರ ಪ್ರತಿಗಳನ್ನು ಮಾಡಿಸಿ ಪೂಜಿಸುತ್ತ, ತಮ್ಮಲ್ಲಿರುವುದೇ ನಿಜವಾದುದು ಎಂದು ಹೇಳಿಕೊಳ್ಳುತ್ತಾರೆ ಎನ್ನುತ್ತಾನೆ ಅವನು. ಅವನೇ 645ರಲ್ಲಿ ಸ್ವದೇಶಕ್ಕೆ ಮರಳಿದಾಗ ಒಯ್ದ ಮೂರ್ತಿಗಳಲ್ಲಿ ಕೌಶಾಂಬಿಯ ಬಿಂಬದ ಚಂದನದ ಪ್ರತಿಯೊಂದಿತ್ತು. ಎಂದರೆ ಮೂಲಕ್ಕೂ ಪ್ರತಿಗೂ ನಡುವಣ ಸ್ಪರ್ಧೆ ಜಪಾನಿನಲ್ಲಿ ಹುಟ್ಟಿದುದಲ್ಲ. ಅದು ಕಥೆಯೊಂದಿಗೇ ಭಾರತದಲ್ಲಿ ಹುಟ್ಟಿದುದು.

ಬುದ್ಧನ ಮಾನುಷರೂಪದ ಬಿಂಬಗಳು ಗಾಂಧಾರ, ಮಥುರಾಗಳಲ್ಲಿ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಬಳಕೆಗೆ ಬಂದುವೆಂಬುದು ಪುರಾತತ್ತ್ವಜ್ಞರ ಸಾಮಾನ್ಯ ಅಭಿಪ್ರಾಯ. ಕೌಶಾಂಬಿಯಲ್ಲಿ 1949ರಿಂದ ಅಲಹಾಬಾದ್ ವಿಶ್ವವಿದ್ಯಾಲಯದ ಜಿ. ಆರ್. ಶರ್ಮ ಅವರ ನೇತೃತ್ವದಲ್ಲಿ ನಡೆದ ಉತ್ಖನನಗಳು ಅಲ್ಲಿಯ ಘೋಷಿತಾರಾಮ ವಿಹಾರವನ್ನು ಬೆಳಕಿಗೆ ತಂದವು. ಕನಿಷ್ಕನ ಆಳ್ವಿಕೆಯ ಆರಂಭದಲ್ಲಿ ಬುದ್ಧಮಿತ್ರೆ ಎಂಬ ಭಿಕ್ಷುಣಿ ಅಲ್ಲಿ ಸ್ಥಾಪಿಸಿದ ಕಲ್ಲಿನ ಬೋಧಿಸತ್ತ್ವಮೂರ್ತಿಯೂ ದೊರೆತಿದೆ. ಬುದ್ಧನ ಕಾಲಕ್ಕೆ ಸೇರುವ ಮರದ ಬಿಂಬವಾಗಲಿ ಅದರ ಕುರುಹಾಗಲಿ ದೊರೆತಿಲ್ಲ. ಆದ್ದರಿಂದ ಉದಯನನ ಕಥೆಯನ್ನು ನಡೆದ ಘಟನೆಯೆಂದು ತೆಗೆದುಕೊಳ್ಳಲು ಬಾರದು. ಬಿಂಬಪೂಜೆ ಬೆಳೆದ ಕಾಲದಲ್ಲಿ ಅದಕ್ಕೆ ಬುದ್ಧನ ಸಮ್ಮತಿಯೇ ಇತ್ತೆಂದು ಸಮರ್ಥಿಸುವುದಕ್ಕೆ ಹುಟ್ಟಿದ ಕಥೆಯೆಂದು ಗ್ರಹಿಸುವುದು ಯುಕ್ತ. ಕಥೆಯ ತಿರುಳಿನಲ್ಲಿರುವುದು ಅಗಲಿಕೆ. ಕಣ್ಮರೆಯಾದವನ ಬದಲಿಗೆ ಮರದ ಬಿಂಬ ಬಂದಿತು. ಅವನು ಮರಳಿದ ಮೇಲೂ ಅದು ವ್ಯರ್ಥವೆನಿಸದೆ ಮುಂದಿನ ಕಾಲದ ಹೊಣೆಯನ್ನು ಪಡೆಯಿತು.

3. ಚೋನೆನ್ನನ ಯಾತ್ರೆ

ಚೀನೀ ಪರಂಪರೆಯ ಪ್ರಕಾರ ಉದಯನನ ಬಿಂಬವನ್ನು ಪ್ರಸಿದ್ಧ ಅನುವಾದಕ ಕುಮಾರಜೀವನ ತಂದೆ ಕುಮಾರಾಯಣನು ಭಾರತದಿಂದ ಮಧ್ಯ ಏಷ್ಯದ ಕೂಚಾಕ್ಕೆ ಹೊತ್ತುತಂದನು. ಅಲ್ಲಿಂದ ಅದು ಚೀನಾಕ್ಕೆ ಬಂದು ಹಲವು ರಾಜಧಾನಿಗಳನ್ನು ಸುತ್ತಿ, 10ನೆಯ ಶತಮಾನದಲ್ಲಿ ಸುಂಗ್ ಸಾಮ್ರಾಟರ ರಾಜಧಾನಿ ಕೈಫೆಂಗ್ ತಲುಪಿತು. ಚೀನೀ ಪರಂಪರೆ ಉದಯನನ ಬಿಂಬವೆಂದು ನಂಬಿದ ಮೂರ್ತಿಯೊಂದು ಆ ಕಾಲದಲ್ಲಿ ಕೈಫೆಂಗ್‌ನಲ್ಲಿದ್ದುದು ನಿಜ. ಜಪಾನಿನ ಭಿಕ್ಷು ಚೋನೆನ್ ಕಂಡುದು ಇದನ್ನೇ.

ಚೋನೆನ್ 938ರಲ್ಲಿ ಹುಟ್ಟಿದವನು; ನಾರಾ ನಗರದ ತೋದೈಜಿ ಮಹಾವಿಹಾರದಲ್ಲಿ ಅಧ್ಯಯನ ಮಾಡಿದವನು. 972ರಲ್ಲಿ ಅವನೂ ಗಿಜೋ ಎಂಬ ಸಹಭಿಕ್ಷುವೂ ಕೂಡಿ, ಕ್ಯೋಟೊದ ವಾಯವ್ಯಕ್ಕಿರುವ ಅತಾಗೊ ಬೆಟ್ಟದಲ್ಲಿ ವಿಹಾರವೊಂದನ್ನು ಕಟ್ಟಿಸುವೆವೆಂದು ಪ್ರತಿಜ್ಞೆ ಮಾಡಿ, ಪತ್ರದ ಮೇಲೆ ತಮ್ಮ ಹಸ್ತಮುದ್ರೆಗಳನ್ನು ಒತ್ತಿದರು. ಚೀನಾ ಯಾತ್ರೆಗೆ ಹೊರಡುವ ಮುನ್ನ ಚೋನೆನ್ ತನ್ನ ವೃದ್ಧ ತಾಯಿಯ ಶ್ರೇಯಸ್ಸಿಗಾಗಿ ಪುಣ್ಯಕಾರ್ಯವೊಂದನ್ನು ನಡೆಸಿದನು. ಆ ಸಂದರ್ಭದ ಸಂಕಲ್ಪಪತ್ರವನ್ನು ಅಂದಿನ ಹೆಸರಾಂತ ವಿದ್ವಾಂಸ ಯೋಶಿಶಿಗೆ ನೊ ಯಾಸುತಾನೆ ರಚಿಸಿದನು. ಚೀನಾದ ವುತಾಯ್ ಪರ್ವತವನ್ನು ದರ್ಶಿಸಬೇಕು, ದೈವಾನುಕೂಲವಿದ್ದರೆ ಮಧ್ಯಭಾರತಕ್ಕೂ ಹೋಗಿ ಶಾಕ್ಯಮುನಿಯ ಹೆಜ್ಜೆಗುರುತುಗಳಿಗೆ ನಮಿಸಬೇಕು ಎಂಬ ಹಂಬಲ ಅದರಲ್ಲಿ ವ್ಯಕ್ತವಾಗಿದೆ.

983ರಲ್ಲಿ ಅವನು ಕೆಲವರು ಶಿಷ್ಯರೊಡನೆ ಸಮುದ್ರ ದಾಟಿದನು. ಸಾಮ್ರಾಟ ತಾಯ್‌ತ್ಸುಂಗ್ ಅವನನ್ನು ಆದರದಿಂದ ಕಂಡನು. ಸುಂಗ್ ರಾಜವಂಶದ ಅಧಿಕೃತ ಇತಿಹಾಸದಲ್ಲಿ ಈ ಭೇಟಿಯ ವೃತ್ತಾಂತವಿದೆ. ಚೋನೆನ್ನನಿಗೆ ಚೀನೀ ಮಾತು ಬಾರದಿದ್ದರೂ ಲಿಪಿ ಚೆನ್ನಾಗಿ ಬರುತ್ತಿದ್ದುದರಿಂದ ಪ್ರಶ್ನೆಗಳಿಗೆ ಬರೆದೇ ಉತ್ತರ ಕೊಟ್ಟನೆಂದು ಅಲ್ಲಿ ಹೇಳಿದೆ. ವುತಾಯ್ ಪರ್ವತದ ದರ್ಶನ ಅವನಿಗೆ ಲಭಿಸಿತು. ಆಗತಾನೆ ಮುದ್ರಣಗೊಂಡಿದ್ದ ಚೀನೀ ಬೌದ್ಧ ಗ್ರಂಥಸಮುಚ್ಚಯದ 5,048 ಸಂಪುಟಿಕೆಗಳು ಸಾಮ್ರಾಟನ ಕೊಡುಗೆಯಾಗಿ ದೊರೆತವು. ಆದರೆ ಭಾರತಯಾತ್ರೆಯ ಹಂಬಲ ಕೈಗೂಡಲಿಲ್ಲ.

ಅವನು ತಲುಪಲಾರದೆ ಹೋದ ದೇಶದ ಬಿಂಬ ಕೈಫೆಂಗ್‌ನಲ್ಲಿ ಅವನ ಕಣ್ಣೆದುರಿಗಿತ್ತು. ಅದನ್ನು ಕಂಡು, ಅದರಂತೆಯೇ ಒಂದನ್ನು ಮಾಡಿಸಲು ಅವನು ನಿಶ್ಚಯಿಸಿದನು. 985ರಲ್ಲಿ ಕಡಲತೀರದ ತೈಚೌ ನಗರದ ಕೈಯುವಾನ್ ವಿಹಾರದಲ್ಲಿ ಚಾಂಗ್ ಯೆನ್‌ಚಿಯಾವೊ, ಚಾಂಗ್ ಯೆನ್‌ಶಿ ಎಂಬ ಸೋದರ ಶಿಲ್ಪಿಗಳು ಒಂದು ತಿಂಗಳಿಗೂ ಕಡಮೆ ಅವಧಿಯಲ್ಲಿ ಈ ಬಿಂಬವನ್ನು ಕಡೆದು ಮುಗಿಸಿದರು. ಮರುವರ್ಷ ಚೋನೆನ್ ಚೀನೀ ವರ್ತಕನೊಬ್ಬನ ಹಡಗಿನಲ್ಲಿ ಸ್ವದೇಶಕ್ಕೆ ಮರಳಿದನು. 987ರಲ್ಲಿ ಗ್ರಂಥಗಳೂ ಬಿಂಬವೂ ಮೆರವಣಿಗೆಯಲ್ಲಿ ರಾಜಧಾನಿಯನ್ನು ಪ್ರವೇಶಿಸಿದವು. ಅತಾಗೊ ಬೆಟ್ಟದಲ್ಲಿ ವಿಹಾರ ಕಟ್ಟಿಸುವ ಪ್ರತಿಜ್ಞೆ ಮಾತ್ರ ಅವನ ಜೀವಿತದಲ್ಲಿ ನೆರವೇರಲಿಲ್ಲ. 1016ರಲ್ಲಿ ಅವನು ತೀರಿಕೊಂಡ ಬಳಿಕ ಶಿಷ್ಯ ಜೋಸನ್ ಬೆಟ್ಟದ ತಪ್ಪಲಿನ ಸಾಗಾದಲ್ಲಿ ಸೇರ್ಯೋಜಿಯನ್ನು ನೆಲೆಗೊಳಿಸಿದನು.

4. ಬಿಂಬದ ಲಕ್ಷಣಗಳು

ಬಿಂಬದ ಎದುರು ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಉಡುಪಿನ ಮಡಿಕೆಗಳು. ಚೀವರವು ಎರಡೂ ಭುಜಗಳನ್ನು ಮುಚ್ಚಿ ಕೊರಳ ಬಳಿಯಿಂದ ಒಂದರ ಕೆಳಗೊಂದು ಕಮಾನುಗಳಾಗಿ ಇಳಿಯುತ್ತದೆ. ಎದೆಯ ಮೇಲೆ ನೀರಿನ ಉಂಗುರಗಳಂತೆ ಹರಡಿದ ಈ ಗೆರೆಗಳು ತೊಡೆಗಳ ಬಳಿ ಎರಡು ಪಾಲಾಗಿ, ಒಂದೊಂದು ಕಾಲಿನ ಮೇಲೂ ಬೇರೆ ಬೇರೆಯಾಗಿ ಸುತ್ತಿಕೊಳ್ಳುತ್ತವೆ. ತಲೆಗೂದಲು ಸಾಮಾನ್ಯ ಬುದ್ಧಬಿಂಬಗಳಲ್ಲಿರುವ ಶಂಖಾಕೃತಿಯ ಸಣ್ಣ ಗುಂಗುರುಗಳಲ್ಲ. ಹಗ್ಗವನ್ನು ಸುರುಳಿ ಸುತ್ತಿಟ್ಟಂತಿದೆ. ಉಡುಪಿನ ಮೇಲೆ ತೆಳುವಾದ ಚಿನ್ನದ ಹಾಳೆಯನ್ನು ಎಳೆಗಳಾಗಿ ಕತ್ತರಿಸಿ ಅಂಟಿಸಿದ ಅಲಂಕಾರವಿದೆ. ಇವು 10ನೆಯ ಶತಮಾನದ ಚೀನೀ ಶೈಲಿಗಾಗಲಿ ಅದೇ ಕಾಲದ ಜಪಾನೀ ಶೈಲಿಗಾಗಲಿ ಸಹಜವಾದ ಲಕ್ಷಣಗಳಲ್ಲ. ಗಾಂಧಾರದ ಬಿಂಬಗಳು, ಗುಪ್ತರ ಕಾಲದ ಮಥುರೆಯ ನಿಂತ ಬುದ್ಧರು, ಮಧ್ಯ ಏಷ್ಯದ ಶಿಲ್ಪಗಳು ಇವುಗಳೊಡನೆ ವಿದ್ವಾಂಸರು ಇದನ್ನು ಹೋಲಿಸಿರುವುದು ಈ ಕಾರಣದಿಂದಲೇ. ಶಿಲ್ಪಿಗಳು ತಮ್ಮ ಕಾಲದ ರೂಢಿಯನ್ನು ಬದಿಗಿಟ್ಟು ಎದುರಿಗಿದ್ದ ಹಳೆಯ ಮಾದರಿಯನ್ನು ಅನುಸರಿಸಿದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಬಲಗೈ ಮೇಲೆತ್ತಿ ಅಭಯಮುದ್ರೆಯಲ್ಲಿದೆ. ಎಡಗೈ ಕೆಳಗಿಳಿದು ಅಂಗೈ ಹೊರಮುಖವಾಗಿ ವರದಮುದ್ರೆಯಲ್ಲಿದೆ. ಅಂಜಬೇಡ ಎಂಬುದು ಒಂದರ ಅರ್ಥ, ಬೇಡಿದ್ದನ್ನು ಪಡೆ ಎಂಬುದು ಇನ್ನೊಂದರ ಅರ್ಥ. ಇದು ಬುದ್ಧಬಿಂಬಗಳ ಸಾಮಾನ್ಯ ಸಂಕೇತ. ನಿಂತ ಭಂಗಿಗೆ ಮಾತ್ರ ಇಲ್ಲಿ ವಿಶೇಷಾರ್ಥ ಒದಗಿದೆಯೆಂದು ನಾವು ಭಾವಿಸುತ್ತೇವೆ. ಉದಯನನ ಕಥೆಯಲ್ಲಿ ಬಿಂಬವು ಎದ್ದು ಬುದ್ಧನನ್ನು ಎದುರುಗೊಂಡಿತಷ್ಟೆ. ಕಥೆಯನ್ನು ಬಲ್ಲ ಭಕ್ತನಿಗೆ ಈ ನಿಂತ ಬಿಂಬದಲ್ಲಿ ಆ ಕ್ಷಣ ಕಾಣುತ್ತದೆ.

ಮರದ ವಿಚಾರವೂ ಸಂಕೇತಕ್ಕೆ ಸಂಬಂಧಿಸಿದುದೇ. ಕಥೆಯಲ್ಲಿ ಬರುವುದು ಗೋಶೀರ್ಷಚಂದನ. ಪರಿಮಳ, ತಂಪು, ಹುಳು ಹಿಡಿಯದ ಗುಣ ಇವುಗಳಿಂದ ಚಂದನವು ಬುದ್ಧನ ದೇಹಕ್ಕೆ ತಕ್ಕ ದ್ರವ್ಯವೆನಿಸಿತು. ಆದರೆ ಚೀನಾದಲ್ಲಾಗಲಿ ಜಪಾನಿನಲ್ಲಾಗಲಿ ಅದು ಬೆಳೆಯುವುದಿಲ್ಲ. ಹೊರಗಿನಿಂದ ಬಂದ ತುಂಡುಗಳಿಂದ ಚಿಕ್ಕ ಮೂರ್ತಿಗಳನ್ನು ಮಾಡಬಹುದಿತ್ತೇ ಹೊರತು ಆಳುದ್ದದ ಬಿಂಬಗಳು ದುಸ್ಸಾಧ್ಯ. ಚಂದನ ಸಿಗದ ನಾಡಿನಲ್ಲಿ ಬೇರೆ ಮರವನ್ನು ಬಳಸಬಹುದೆಂದು ತಾಂಗ್ ಕಾಲದ ವ್ಯಾಖ್ಯಾನಕಾರ ಹುಯಿಚಾವೊ ವಿಧಿಸಿದನು. ಜಪಾನಿನಲ್ಲಿ 8, 9ನೆಯ ಶತಮಾನಗಳ ಬಿಂಬಗಳ ಮರವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲು ಕಾಯಾ ಎಂಬ ಸೂಜಿಯೆಲೆಯ ಮರದವೆಂದು ತಿಳಿದುಬಂದಿದೆ. ಅದು ಅಲ್ಲಿ ಚಂದನದ ಪ್ರತಿನಿಧಿಯಾಗಿತ್ತು. ಸೇರ್ಯೋಜಿಯ ಬಿಂಬ ಚೀನಾದಲ್ಲಿ ಬೆಳೆಯುವ ಚೆರಿ ಜಾತಿಯ ಮರದ್ದು. ಹೀಗೆ ಬಿಂಬ ಮಾತ್ರವಲ್ಲ, ಮರವೂ ಇನ್ನೊಂದರ ಸ್ಥಾನದಲ್ಲಿ ನಿಂತಿದೆ.

5. ಒಡಲೊಳಗಿನ ನಿಕ್ಷೇಪ

1954ರಲ್ಲಿ ಬಿಂಬದ ಪರೀಕ್ಷೆ ನಡೆದಾಗ ಬೆನ್ನಿನ ಭಾಗದ ಹಲಗೆಯನ್ನು ತೆಗೆಯಲಾಯಿತು. ಒಳಗಿನ ಟೊಳ್ಳಿನಲ್ಲಿದ್ದ ವಸ್ತುಗಳು ಬೌದ್ಧ ಕಲೆಯ ಚರಿತ್ರಕಾರರನ್ನು ಬೆರಗುಗೊಳಿಸಿದವು. ಚೋನೆನ್ನನ ಯಾತ್ರೆಯನ್ನೂ ಬಿಂಬದ ನಿರ್ಮಾಣವನ್ನೂ ವಿವರಿಸುವ ಲೇಖ, ಒಳಗಿಟ್ಟ ವಸ್ತುಗಳ ಪಟ್ಟಿ, ಮೇಲೆ ಹೇಳಿದ 972ರ ಹಸ್ತಮುದ್ರೆಗಳ ಪ್ರತಿಜ್ಞಾಪತ್ರ, ಮುದ್ರಿತ ವಜ್ರಚ್ಛೇದಿಕಾ ಸೂತ್ರ, ಮರದ ಅಚ್ಚಿನಿಂದ ಮುದ್ರಿಸಿದ ಚಿತ್ರಗಳು, ಕನ್ನಡಿ, ನಾಣ್ಯಗಳು, ಬಟ್ಟೆಯ ತುಂಡುಗಳು ಅಲ್ಲಿದ್ದವು. ಚಿತ್ರಗಳಲ್ಲಿ ಮೈತ್ರೇಯನದೊಂದು 984ರ ತೇದಿಯುಳ್ಳದ್ದು. ಕಾವೊ ವೆನ್‌ಚಿನ್ ಎಂಬ ಚಿತ್ರಕಾರನ ಹೆಸರು ಅದರಲ್ಲಿದೆ. ಮುದ್ರಣದ ಚರಿತ್ರೆಗೆ ಇವು ಅಮೂಲ್ಯ ಸಾಮಗ್ರಿ.

ಈ ನಿಕ್ಷೇಪದಲ್ಲಿ ಎರಡು ವಸ್ತುಗಳು ನಮ್ಮ ವಿಷಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದವು.

ಮೊದಲನೆಯದು ರೇಷ್ಮೆಯಲ್ಲಿ ಮಾಡಿದ ದೇಹದ ಒಳ ಅವಯವಗಳು. ಹೃದಯ, ಶ್ವಾಸಕೋಶ, ಪಿತ್ತಜನಕಾಂಗ, ಹೊಟ್ಟೆ, ಮೂತ್ರಪಿಂಡ, ಕರುಳು ಮುಂತಾದುವನ್ನು ಬಣ್ಣಬಣ್ಣದ ರೇಷ್ಮೆಯಿಂದ ಹೊಲಿದು ಬಿಂಬದ ಒಡಲಲ್ಲಿ ಇರಿಸಲಾಗಿತ್ತು. ಇವನ್ನು ಅರ್ಪಿಸಿದವರಲ್ಲಿ ತೈಚೌ ನಗರದ ಭಿಕ್ಷುಣಿಯರಿದ್ದರು. ಮಾನವದೇಹದ ಒಳಭಾಗಗಳ ಇಷ್ಟು ಹಳೆಯ ಮಾದರಿಗಳು ವಿರಳವಾದುದರಿಂದ ವೈದ್ಯಶಾಸ್ತ್ರದ ಚರಿತ್ರಕಾರರೂ ಇವುಗಳನ್ನು ಅಭ್ಯಸಿಸಿದ್ದಾರೆ. ಇದಲ್ಲದೆ ಬಿಂಬದ ಕಿವಿಗಳಲ್ಲಿ ಸ್ಫಟಿಕವನ್ನೂ ಹುಬ್ಬುಗಳ ನಡುವಣ ಊರ್ಣೆಯಲ್ಲಿ ಬುದ್ಧನ ರೇಖಾಚಿತ್ರವುಳ್ಳ ಬೆಳ್ಳಿಯನ್ನೂ ಕೂಡಿಸಿದ್ದಾರೆ. ಹೊರಗಿನಿಂದ ನೋಡುವ ಭಕ್ತನಿಗೆ ಕರುಳಾಗಲಿ ಹೃದಯವಾಗಲಿ ಎಂದೂ ಕಾಣಸಿಗುವಂತಹವಲ್ಲ. ಆದುದರಿಂದ ಇವುಗಳ ಉದ್ದೇಶ ಅಲಂಕಾರವಲ್ಲ, ಮರವನ್ನು ದೇಹವಾಗಿಸುವುದು. ಹೋಲಿಕೆ ಹೊರಮೈಗೆ ನಿಲ್ಲದೆ ಒಳಗೂ ಸಲ್ಲಬೇಕು ಎಂಬ ಭಾವನೆ ಇಲ್ಲಿ ಕೆಲಸಮಾಡಿದೆ. ಜಪಾನೀ ಬೌದ್ಧ ಪರಂಪರೆಯಲ್ಲಿ 'ಶೋಜಿನ್', ಎಂದರೆ ಸಜೀವ ಶರೀರ, ಎಂದು ಕರೆಯುವ ಕಲ್ಪನೆಗೆ ಇದು ಅತಿ ಸ್ಪಷ್ಟವಾದ ನಿದರ್ಶನ.

ಎರಡನೆಯದು ಒಂದು ಸಣ್ಣ ಕಾಗದ. ಅದರಲ್ಲಿ 938ರ ಚೋನೆನ್ನನ ಜನನದ ವಿವರವಿದೆ. ಅದರೊಂದಿಗೆ ಅವನ ಹೊಕ್ಕುಳಬಳ್ಳಿಯಿದೆ. ನಲವತ್ತೇಳು ವರ್ಷ ಜೋಪಾನವಾಗಿದ್ದ ಹೊಕ್ಕುಳಬಳ್ಳಿಯನ್ನು ಅವನು ಸಮುದ್ರದಾಚೆಗೆ ಒಯ್ದು ಬುದ್ಧನ ಒಡಲಲ್ಲಿ ಇರಿಸಿದನು. ಪೂಜ್ಯರ ಧಾತುವನ್ನು ಬಿಂಬದಲ್ಲಿಡುವುದು ಬೌದ್ಧರಲ್ಲಿ ರೂಢಿ. ಭಕ್ತನು ತನ್ನ ದೇಹದ ಅಂಶವನ್ನೇ ಇಡುವುದು ಅದಕ್ಕಿಂತ ಭಿನ್ನವಾದುದು. ಹೊಕ್ಕುಳಬಳ್ಳಿ ತಾಯಿಯಿಂದ ಮಗನಿಗೆ ಬಂದ ಕೊನೆಯ ಎಳೆ. ಬುದ್ಧನು ತಾಯಿಗಾಗಿ ಭೂಮಿಯನ್ನು ಬಿಟ್ಟುಹೋದಾಗ ಹುಟ್ಟಿದ ಬಿಂಬದ ಕಥೆಯನ್ನೂ, ವೃದ್ಧ ತಾಯಿಯನ್ನು ಬಿಟ್ಟು ಕಡಲು ದಾಟಿದ ಭಿಕ್ಷುವಿನ ಈ ಅರ್ಪಣೆಯನ್ನೂ ಒಟ್ಟಿಗೆ ನೋಡಿದಾಗ ಚೋನೆನ್ ಈ ಕಥೆಯನ್ನು ತನ್ನ ಬಾಳಿನ ಬೆಳಕಿನಲ್ಲಿ ಓದಿಕೊಂಡಿದ್ದನೆಂದು ಊಹಿಸಲು ಅವಕಾಶವಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಒಳಗಿನ ಲೇಖಗಳು ಬಿಂಬವನ್ನು ಪ್ರತಿಯೆಂದು ಮರೆಮಾಚದೆ ಹೇಳುತ್ತವೆ. ಮಾಡಿದ ಸ್ಥಳ, ಕಾಲ, ಶಿಲ್ಪಿಗಳ ಹೆಸರು ಎಲ್ಲವನ್ನೂ ಕೊಡುತ್ತವೆ. ಓಲೆಗರಿಯ ಗ್ರಂಥವನ್ನು ನಕಲು ಮಾಡಿದ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರು, ತಿಥಿ, ಸ್ಥಳ ಬರೆದು ಮುಗಿಸುವಂತೆಯೇ ಇದೂ. ಆ ಒಕ್ಕಣೆಯಿಂದ ಗ್ರಂಥದ ಪಾವಿತ್ರ್ಯಕ್ಕೆ ಕುಂದು ಬರುತ್ತದೆಂದು ಯಾವ ಲಿಪಿಕಾರನೂ ಭಾವಿಸಲಿಲ್ಲ. ಚೋನೆನ್ನನ ದೃಷ್ಟಿಯಲ್ಲೂ ಪ್ರತಿಯಾಗಿರುವುದು ಬಿಂಬಕ್ಕೆ ಕೊರತೆಯಾಗಿರಲಿಲ್ಲ.

6. ಅದಲುಬದಲಾದ ಬಿಂಬಗಳ ಕಥೆ

ಹೊಟ್ಟೆಯೊಳಗಿನ ಪತ್ರಗಳು ಲೋಕದ ಕಣ್ಣಿಗೆ ಬೀಳದಿದ್ದ ಕಾಲದಲ್ಲಿ ಬೇರೊಂದು ಕಥೆ ಬೆಳೆಯಿತು. ಚೀನಾದಲ್ಲಿ ಮೂಲವೂ ಪ್ರತಿಯೂ ಪರಸ್ಪರ ಸ್ಥಾನ ಬದಲಿಸಿಕೊಂಡವು. ಜಪಾನಿಗೆ ಹೋಗಬೇಕೆಂಬುದು ಮೂಲಬಿಂಬದ್ದೇ ಇಚ್ಛೆಯಾಗಿತ್ತು. ಹೀಗಾಗಿ ಚೋನೆನ್ ತಂದುದು ಉದಯನನ ಬಿಂಬವನ್ನೇ ಎಂಬುದು ಆ ಕಥೆ. 12ನೆಯ ಶತಮಾನದ ಕೊನೆಯ ಹೋಬುತ್ಸುಶೂ ಎಂಬ ಕಥಾಸಂಕಲನದಲ್ಲಿ ಇದರ ರೂಪ ಸಿಗುತ್ತದೆ. 16ನೆಯ ಶತಮಾನದಲ್ಲಿ ಕಾನೊ ಮೊತೊನೊಬು ಚಿತ್ರಿಸಿದನೆನ್ನಲಾದ, ಸೇರ್ಯೋಜಿಯ ಚಿತ್ರಸುರುಳಿಗಳು ಇದನ್ನು ವಿಸ್ತಾರವಾಗಿ ನಿರೂಪಿಸುತ್ತವೆ.

ಇಂಥ ಕಥೆಗೆ ಏಕೆ ಅಷ್ಟೊಂದು ಮನ್ನಣೆ? ಅಂದಿನ ಜಪಾನೀ ಬೌದ್ಧರು ತಮ್ಮ ದೇಶವನ್ನು ಬುದ್ಧನ ಜನ್ಮಭೂಮಿಯಿಂದ ಬಹುದೂರದ, ಧಾನ್ಯದ ಕಾಳುಗಳಂತೆ ಚೆದುರಿಬಿದ್ದ ಅಂಚಿನ ದ್ವೀಪಗಳೆಂದು ಬಗೆದಿದ್ದರು. ದೇಶದಲ್ಲಿ ದೂರವಿದ್ದಂತೆ ಕಾಲದಲ್ಲಿಯೂ ತಾವು ದೂರವೆಂಬ ಕಳವಳವಿತ್ತು. ಧರ್ಮದ ಅವನತಿಯ ಕೊನೆಯ ಯುಗವು 1052ರಲ್ಲಿ ಆರಂಭವಾಯಿತೆಂಬ ಲೆಕ್ಕ ಜನಮನದಲ್ಲಿ ನೆಲೆಯೂರಿತ್ತು. ಬುದ್ಧನನ್ನೇ ಕಂಡು ಕೆತ್ತಿದ, ಭಾರತ, ಚೀನಾ, ಜಪಾನ್ ಎಂಬ ಮೂರು ದೇಶಗಳನ್ನು ಹಾಯ್ದು ಬಂದ ಬಿಂಬವೊಂದು ತಮ್ಮ ನಡುವೆ ಇದೆಯೆಂಬ ನಂಬಿಕೆ ಈ ಎರಡೂ ದೂರಗಳನ್ನು ಏಕಕಾಲಕ್ಕೆ ಇಲ್ಲವಾಗಿಸಿತು. ಕಥೆ ಹುಟ್ಟಿದುದು ಮೋಸದ ಉದ್ದೇಶದಿಂದಲ್ಲ, ಈ ಕಳವಳದಿಂದ ಎಂದು ನಮ್ಮ ಅಭಿಪ್ರಾಯ. ಮುಂದೆ 1700ರಿಂದ ಆರಂಭಿಸಿ ಹಲವು ಬಾರಿ ಬಿಂಬವನ್ನು ಎಡೋ ನಗರಕ್ಕೆ ಒಯ್ದು ಸಾರ್ವಜನಿಕ ದರ್ಶನಕ್ಕಿಟ್ಟಾಗ ಜನರನ್ನು ಸೆಳೆದುದೂ ಈ ಕಥೆಯೇ.

ಕೈಫೆಂಗ್‌ನಲ್ಲಿದ್ದ ಮಾದರಿಯ ಗತಿ ಬೇರೆಯಾಯಿತು. ರಾಜ್ಯಗಳು ಬದಲಾದಂತೆ ಅದು ಉತ್ತರಕ್ಕೆ ಸಾಗಿ ಬೀಜಿಂಗ್ ಸೇರಿತು. ಅಲ್ಲಿ ಅದಿದ್ದ ಚಂದನವಿಹಾರ 1900ರ ಬಾಕ್ಸರ್ ದಂಗೆಯ ಸಂದರ್ಭದಲ್ಲಿ ನಾಶವಾಯಿತು. ಆಗ ಬಿಂಬವನ್ನು ರಕ್ಷಿಸಿ ತರಲಾಯಿತೆಂದೂ, ರಷ್ಯದ ಬುರ್ಯಾತಿಯಾ ಪ್ರಾಂತದ ಎಗಿತುಯ್ ವಿಹಾರದಲ್ಲಿ ಇರುವುದು ಅದೇ ಎಂದೂ ಅಲ್ಲಿಯ ಬೌದ್ಧರು ನಂಬುತ್ತಾರೆ. ಹ್ಯೂಯೆನ್‌ತ್ಸಾಂಗನು ಕಂಡ ಸ್ಪರ್ಧೆ ಇಂದಿಗೂ ಮುಗಿದಿಲ್ಲವೆಂದಾಯಿತು. ಚೋನೆನ್ ಕಂಡ ಬಿಂಬದ ಸ್ವರೂಪವನ್ನು ಊಹಿಸುವುದಕ್ಕೆ ತೇದಿಯುಳ್ಳ, ನಿರ್ಮಾಣದ ವಿವರವುಳ್ಳ ಆಧಾರವೆಂದರೆ ಅವನು ಮಾಡಿಸಿದ ಪ್ರತಿಯೇ.

7. ಪ್ರತಿಯ ಪ್ರತಿಗಳು

ಸೇರ್ಯೋಜಿಯ ಬಿಂಬ ಮುಂದೆ ತಾನೇ ಒಂದು ಮಾತೃಕೆಯಾಯಿತು. ಹಗ್ಗದ ಸುರುಳಿಯಂತಹ ಕೂದಲು, ಎರಡೂ ಭುಜಗಳನ್ನು ಮುಚ್ಚಿದ ಉಡುಪು, ಕಮಾನಿನಂತಹ ಮಡಿಕೆಗಳು ಇವುಗಳಿಂದ ಕೂಡಿದ 'ಸೇರ್ಯೋಜಿ ಮಾದರಿ'ಯ ಶಾಕ್ಯಮುನಿ ಬಿಂಬಗಳು ಜಪ್ಪಾನಿನಾದ್ಯಂತ ನೂರರಷ್ಟಿವೆ. ಇವುಗಳಲ್ಲಿ ಪ್ರಸಿದ್ಧವಾದುದು ನಾರಾದ ಸೈದೈಜಿ ವಿಹಾರದ್ದು. ವಿನಯಶಾಸನವನ್ನು ಪುನರುಜ್ಜೀವನಗೊಳಿಸಿದ ಭಿಕ್ಷು ಏಸೊನ್ (1201–1290) ಇದನ್ನು 1249ರಲ್ಲಿ ಮಾಡಿಸಿದನು. ಜೆಂಕೇ ಎಂಬ ಶಿಲ್ಪಿಯೂ ಅವನ ಸಂಗಡಿಗರೂ ಸೇರ್ಯೋಜಿಗೇ ಹೋಗಿ, ಮಾದರಿಯ ಎದುರಿನಲ್ಲಿಯೇ ಕೆತ್ತಿದರು. ಕಾಮಕುರಾದ ಗೊಕುರಾಕುಜಿ ವಿಹಾರದ 1268ರ ಬಿಂಬವೂ ಇದೇ ವರ್ಗದ್ದು.

ಏಸೊನ್ ಈ ಬಿಂಬವನ್ನು ಆಯ್ದುದು ಅರ್ಥಪೂರ್ಣವಾದುದು. ಆ ಕಾಲದಲ್ಲಿ ಅಮಿತಾಭ ಬುದ್ಧನ ಹೆಸರನ್ನು ಜಪಿಸಿ ಸಾವಿನ ಬಳಿಕ ಸುಖಾವತಿಯಲ್ಲಿ ಹುಟ್ಟುವ ಮಾರ್ಗ ಜನಪ್ರಿಯವಾಗುತ್ತಿತ್ತು. ಏಸೊನ್ ಅದಕ್ಕೆ ಬದಲು ಈ ಭೂಮಿಯಲ್ಲಿ ನಡೆದಾಡಿದ ಗುರುವಿನ ಕಡೆಗೂ ಅವನು ವಿಧಿಸಿದ ನಿಯಮಗಳ ಕಡೆಗೂ ಮರಳಿದನು. ಸಮಾಜ ಹೊರಗಿಟ್ಟಿದ್ದ 'ಹಿನಿನ್' ಎಂಬ ಜನರಿಗೂ ರೋಗಿಗಳಿಗೂ ಅನ್ನ, ಆಶ್ರಯ ಒದಗಿಸುವುದು ಅವನ ಧರ್ಮಕಾರ್ಯದ ಅಂಗವಾಗಿತ್ತು. ಮನುಷ್ಯನ ಆಳುದ್ದದ, ಒಳ ಅವಯವಗಳುಳ್ಳ, ಎದುರುಗೊಳ್ಳಲು ಎದ್ದು ನಿಂತ ಬುದ್ಧ ಅವನ ಈ ನಿಲುವಿಗೆ ತಕ್ಕ ಸಂಕೇತ. ಸೇರ್ಯೋಜಿಯದೇ ಮೂಲವೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿಯೂ ಅದರ ಪ್ರತಿಗಳು ಸ್ವತಂತ್ರವಾಗಿ ಪೂಜೆಗೆ ಅರ್ಹವೆನಿಸಿದವೆಂಬುದು ಗಮನಾರ್ಹ. ಮಾತು ಮೂಲದ್ದಾದರೂ ಆಚರಣೆ ಪ್ರತಿಯದಾಗಿತ್ತು.

8. ದಕ್ಷಿಣದ ಎರಡು ಸಂಗತಿಗಳು

ಭಾರತದ ಪ್ರಾಚೀನ ದಾರುಬಿಂಬಗಳು ಹವೆ, ಹುಳು, ಬೆಂಕಿಗಳಿಗೆ ಸಿಕ್ಕಿ ಬಹುಮಟ್ಟಿಗೆ ಅಳಿದುಹೋಗಿವೆ. ಅವು ದಕ್ಷಿಣದಲ್ಲೂ ಇದ್ದುವೆಂಬುದಕ್ಕೆ ಹ್ಯೂಯೆನ್‌ತ್ಸಾಂಗನ ಬರಹವೇ ಸಾಕ್ಷಿ. ಅವನು ಕೊಂಕಣಪುರವೆಂದು ಕರೆದ ರಾಜ್ಯದ ರಾಜಧಾನಿಯ ಬಳಿಯ ವಿಹಾರದಲ್ಲಿ ಹತ್ತು ಅಡಿಯಷ್ಟು ಎತ್ತರದ, ಚಂದನದ ಮೈತ್ರೇಯ ಬಿಂಬವಿದ್ದು, ಅದು ಶ್ರುತವಿಂಶತಿಕೋಟಿ ಎಂಬ ಅರ್ಹಂತನ ಕೃತಿಯೆನಿಸಿತ್ತು. ಈ ಕೊಂಕಣಪುರವನ್ನು ಗುರುತಿಸುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬನವಾಸಿಯೂ ಸೇರಿದಂತೆ ಕರ್ನಾಟಕದ ಹಲವು ಸ್ಥಳಗಳನ್ನು ಸೂಚಿಸಲಾಗಿದೆ. ಚಂದನ ಬೆಳೆಯುವ ನಾಡಿನಲ್ಲಿಯೇ ಚಂದನದ ಬಿಂಬ ಉಳಿಯದೆ, ಚಂದನ ಬೆಳೆಯದ ನಾಡಿನಲ್ಲಿ ಚೆರಿಯ ಮರದಲ್ಲಿ ಅದರ ನೆನಪು ಉಳಿದಿದೆ.

ಇನ್ನೊಂದು ಸಂಗತಿ ಹೋಲಿಕೆಗೆ ಮಾತ್ರ ಸಂಬಂಧಿಸಿದುದು. ಇಲ್ಲಿ ಚಾರಿತ್ರಿಕ ಸಂಪರ್ಕವನ್ನು ನಾವು ಕಲ್ಪಿಸುತ್ತಿಲ್ಲ. ಚೋನೆನ್ ಚೀನಾಕ್ಕೆ ಹೊರಟ ವರ್ಷಗಳಲ್ಲಿಯೇ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಗೊಮ್ಮಟನ ಮಹಾಮೂರ್ತಿಯನ್ನು ನಿಲ್ಲಿಸಿದನು. ಭರತನು ಪೌದನಪುರದಲ್ಲಿ ಸ್ಥಾಪಿಸಿದ ಮೂಲಬಿಂಬ ದೂರವೂ ದುರ್ಗಮವೂ ಆದುದರಿಂದ ಚಾವುಂಡರಾಯನು ಅಂಥದೇ ಬಿಂಬವನ್ನು ಇಲ್ಲಿಯೇ ಮಾಡಿಸಿದನೆಂದು 12ನೆಯ ಶತಮಾನದ ಬೊಪ್ಪಣನ ಶಾಸನ ಹೇಳುತ್ತದೆ. ತಲುಪಲಾಗದ ಮೂಲದ ಬದಲಿಗೆ ನಿಂತ ಬಿಂಬವೇ ಯಾತ್ರೆಯ ಗುರಿಯಾಯಿತು. ಆದರೆ ಬೆಳಗೊಳದ ಪರಂಪರೆ ತನ್ನ ಮೂರ್ತಿಯನ್ನು ಪೌದನಪುರದ ಮೂರ್ತಿಯೆಂದು ಸಾಧಿಸಲಿಲ್ಲ. ಬೆಟ್ಟದ ಬಂಡೆಯನ್ನು ಅಲ್ಲೇ ಕಡೆದುದರಿಂದ ಅದು ಸಾಧ್ಯವೂ ಇರಲಿಲ್ಲ. ಹೊತ್ತು ತರಬಹುದಾದ ಮರದ ಬಿಂಬದ ಸುತ್ತ ಮಾತ್ರ ಅದಲುಬದಲಿನ ಕಥೆ ಹೆಣೆಯಲು ಅವಕಾಶವಿದೆ.

9. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಸೇರ್ಯೋಜಿಯ ಬಿಂಬವು 985ರಲ್ಲಿ ಚೀನಾದಲ್ಲಿ ಆದ ಪ್ರತಿಯೆಂಬುದು ನಿಸ್ಸಂದೇಹ. ಅದರ ಮಾದರಿ ಬುದ್ಧನ ಕಾಲದ್ದೆಂಬುದಕ್ಕೆ ಆಧಾರವಿಲ್ಲ. ಆದರೆ ಭಾರತದ ಮತ್ತು ಮಧ್ಯ ಏಷ್ಯದ ಹಳೆಯ ಶೈಲಿಯೊಂದರ ಚಹರೆ ಪ್ರತಿಗಳ ಸರಣಿಯ ಮೂಲಕ ಇದರಲ್ಲಿ ಉಳಿದುಬಂದಿದೆ. ಮೂಲವೇ ತಮ್ಮಲ್ಲಿದೆಯೆಂಬ ಸಾಧನೆ ಚೋನೆನ್ನನದಲ್ಲ, ಅವನ ತರುವಾಯದವರದು. ಚೋನೆನ್ನನಿಗೆ ಬಿಂಬದ ಪ್ರಾಮಾಣ್ಯ ಇದ್ದುದು ರೂಪವನ್ನು ನಿಷ್ಠೆಯಿಂದ ಅನುಸರಿಸಿದುದರಲ್ಲಿ, ಅದಕ್ಕೆ ಒಡಲನ್ನು ಕೊಟ್ಟುದರಲ್ಲಿ, ತನ್ನ ಹುಟ್ಟಿನ ಗುರುತನ್ನೇ ಅದರಲ್ಲಿ ಇರಿಸಿದುದರಲ್ಲಿ.

ಈ ದೃಷ್ಟಿಯಿಂದ 1954ರಲ್ಲಿ ದೊರೆತ ಪತ್ರಗಳು ಸ್ಥಳಪುರಾಣವನ್ನು ಭಂಗಿಸಿದವೇ ಹೊರತು ಬಿಂಬವನ್ನು ಭಂಗಿಸಲಿಲ್ಲ. ಬಿಂಬದ ಪೂಜೆ ಇಂದಿಗೂ ನಿಂತಿಲ್ಲ. ರೇಷ್ಮೆಯ ಅವಯವಗಳ ಮಾದರಿಗಳನ್ನು ವಿಹಾರವೇ ಯಾತ್ರಿಕರಿಗೆ ತೋರಿಸುತ್ತದೆ. ಪ್ರತಿಗಳಲ್ಲಿಯೇ ಬದುಕಿಬಂದ ಪಠ್ಯಗಳನ್ನೂ ಬಿಂಬಗಳನ್ನೂ ಅಭ್ಯಸಿಸುವ ನಾವು ಮೂಲದ ಹುಡುಕಾಟದಲ್ಲಿ ಪ್ರತಿಯನ್ನು ಕೇವಲ ಸಾಧನವೆಂದು ಬಗೆಯುವುದುಂಟು. ಪ್ರತಿಯನ್ನು ಮಾಡಿದವರು ಯಾರು, ಯಾವ ಅಗಲಿಕೆಯಿಂದ ಮಾಡಿದರು, ಅದರೊಳಗೆ ತಮ್ಮದೆಂಬ ಏನನ್ನು ಇರಿಸಿದರು ಎಂಬ ಪ್ರಶ್ನೆಗಳನ್ನು ಕೇಳಿದಾಗ ಅದರದೇ ಆದ ಚರಿತ್ರೆ ತೆರೆದುಕೊಳ್ಳುತ್ತದೆಂಬುದಕ್ಕೆ ಸೇರ್ಯೋಜಿಯ ಶಾಕ್ಯಮುನಿ ಸಾಕಷ್ಟು ನಿದರ್ಶನ.